ತೂಕದವರ ಮಗಳ ಥ್ಯಾಂಕ್ಸ್

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗೀತು. ಫೋನ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಕೊಡೋಕೆ ಆಗಿಲ್ಲ, ಅದಕ್ಕೇ ಈ ಬರಹ.

ಇಷ್ಟು ವರ್ಷ ಏನು ಓದಿದೆ ಅಂತ ದಾವಣಗೆರೆಯಲ್ಲಿ ಕೇಳದವರಿಲ್ಲ. (ಬೇರೆ ಊರಲ್ಲಿ ನನ್ನ ಊರು ದಾವಣಗೆರೆ ಅಂದರೆ ಬೆಣ್ಣೆದೋಸೆ ಮಾತೇ ಶುರು, ಓದಿನ ಮಾತು ಬರೋದೇ ಇಲ್ಲ.) 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ, ಆಕಾಶ ನೋಡೋ ಇಸ್ರೋ ಉಪಗ್ರಹ ಆಸ್ಟ್ರೋಸ್ಯಾಟ್ ಗೊತ್ತಲ್ಲ, ಅದರಲ್ಲಿರೋ ಸಿಝಡ್‌ಟಿಐ ಅನ್ನೋ ಎಕ್ಸ್-ರೇ ಉಪಕರಣ ಹೇಳೋ ಲೆಕ್ಕ ಸರಿಯಿದೆಯಾ ಅಂತ ನೋಡೋದು ನನ್ನ ಕೆಲಸ. 650 ಕಿ.ಮೀ. ಮೇಲೆ ಹೋಗಿ ಸ್ಕ್ರೂ ತಿರುಗಿಸೋ ಹಾಗಿಲ್ಲ.

ಅಪ್ಪ ಎಪಿಎಂಸಿಯಲ್ಲಿ ತೂಕದವರು. ಮೆಕ್ಕೆಜೋಳದ ಮೊದಲ ಚೀಲ ಏರೋ ಮುಂಚೆ 20 ಕೆ.ಜಿ. ಬಟ್ಟನ್ನ ಟವೆಲ್ಲಲ್ಲಿ ಒರೆಸಿ ತಕ್ಕಡಿ ಮೇಲಿಟ್ಟು ಮುಳ್ಳು ನೋಡ್ತಿದ್ರು. ನಮ್ಮ ಉಪಕರಣದೊಳಗೂ ಅಂಥದ್ದೇ ಒಂದು ಬಟ್ಟು ಇದೆ: ಅಮೆರಿಸಿಯಂ-241 ಅನ್ನೋ ವಿಕಿರಣಶೀಲ ವಸ್ತು. ಅದರಿಂದ 59.5 ಕಿಲೋ ಎಲೆಕ್ಟ್ರಾನ್ ವೋಲ್ಟ್ ಅಂತ ಮೊದಲೇ ಗೊತ್ತಿರೋ ಶಕ್ತಿಯ ಫೋಟಾನ್ (ಬೆಳಕಿನ ಕಣ) ಹೊರಡುವಾಗಲೇ ಆಲ್ಫಾ ಕಣವೂ ಹೊರಡುತ್ತೆ. ಪಕ್ಕದ ಹರಳು ಆ ಆಲ್ಫಾ ಕಣವನ್ನ ಹಿಡಿದು, ಈಗ ಬಂದ ಫೋಟಾನ್ ಆಕಾಶದ್ದಲ್ಲ, ಮನೇದೇ ಅಂತ ಗುರುತು ಹಾಕುತ್ತೆ. ಡಿಟೆಕ್ಟರ್ 64, ಒಂದೊಂದರಲ್ಲಿ 256 ಪಿಕ್ಸೆಲ್. ಅಲ್ಲಿಗೆ 16,384 ತಕ್ಕಡಿ! ಒಂದೊಂದರ ಮುಳ್ಳೂ ಒಂದೊಂದು ಥರ, ಬಿಸಿ-ತಂಪಿಗೆ ಸರಿಯೋದು ಬೇರೆ. ಕೆಲವಂತೂ ಏನೂ ಬೀಳದಿದ್ದರೂ ಕೂಗ್ತಾವೆ, ಅವುಗಳ ಬಾಯಿ ಮುಚ್ಚಿಸಬೇಕು.

ಮೂರನೇ ವರ್ಷ ಒಂದು ಕ್ವಾಡ್ರಂಟಿನ (ಉಪಕರಣದ ಕಾಲುಭಾಗದ) ಉಷ್ಣತೆಯ ಪಟ್ಟಿಯನ್ನ ಇನ್ನೊಂದಕ್ಕೆ ಹಾಕಿಕೊಂಡು ನಾಲ್ಕು ತಿಂಗಳು ಕಳೆದೆ. ಏನೋ ಹೊಸದು ಸಿಕ್ತು ಅಂತ ಹಿಗ್ಗಿದ್ದೆ ಕೂಡ. ರಾತ್ರಿ ಎರಡು ಗಂಟೆಗೆ ನನ್ನ ಕೋಡನ್ನ ಸಾಲು ಸಾಲಾಗಿ ಓದಿ ತಪ್ಪು ತೋರಿಸಿದ ಸೀನಿಯರ್‌ಗೆ, ಆಮೇಲೂ ಯಾರಿಗೂ ಹೇಳದಿದ್ದಕ್ಕೆ, ದೊಡ್ಡ ನಮಸ್ಕಾರ.

ಅದೇ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೀತು. ಯಾರ್ಡಿನ ಹಮಾಲರು ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಕೂತರು, ಹದಿನೇಳು ರಾತ್ರಿ. ಅವರು ಇದನ್ನ ಓದೋದಿಲ್ಲ. ಅವರ ಮಕ್ಕಳು ಓದಿ ಹೇಳಿ.

ಅಪ್ಪನ ಮಂಚದ ಪಕ್ಕ ಕೂತು ಒಂದು ದಿನ ಏಡಿ ನೀಹಾರಿಕೆಯ ಕಥೆ ಹೇಳಿದೆ. ಸಿಡಿದ ನಕ್ಷತ್ರವೊಂದರ ಅವಶೇಷ ಅದು, 6,500 ಜ್ಯೋತಿರ್ವರ್ಷ ದೂರದ್ದು, ಎಕ್ಸ್-ರೇ ದೂರದರ್ಶಕಗಳಿಗೆಲ್ಲ ಅದೇ ಅಳತೆಗೋಲು. ಹಾರಿದ ಮರುತಿಂಗಳು ನಮ್ಮದೂ ಮೊದಲು ನೋಡಿದ್ದು ಅದನ್ನೇ. ಆದರೆ 2008ರಿಂದ ಎರಡು ವರ್ಷದಲ್ಲಿ ಅದರ ಎಕ್ಸ್-ರೇ ಬೆಳಕೇ ಶೇ. 7ರಷ್ಟು ಕುಗ್ಗಿತ್ತು. ಹಲವು ಉಪಗ್ರಹಗಳು ಒಂದೇ ಮಾತು ಹೇಳಿದ ಮೇಲೇ ನಂಬಿದ್ದು. ಅಪ್ಪ ತುಂಬಾ ಹೊತ್ತು ಬಾಯಿ ಕೂಡಿಸಿ ಅಂದ್ರು, "ಬಟ್ಟೂ ಸವಿತದ ಕಣವ್ವ. ಅದುಕ್ಕೇ ಮುದ್ರಿ ಹಾಕ್ಸಾದು."

ಆ ಮಾತು ಥೀಸಿಸ್‌ನ ಮೊದಲ ಪುಟದಲ್ಲಿದೆ. ತೆಗೆಸದೆ ಬಿಟ್ಟ ಗೈಡ್‌ಗೆ ನಾನು ಋಣಿ. ಪರೀಕ್ಷಕರ ಮೊದಲ ಪ್ರಶ್ನೆ ಬಂದದ್ದೂ ಅದರ ಮೇಲೇ.

ಭಾನುವಾರ ಮನೇಲಿರ್ತೀನಿ, ಮಂಡಕ್ಕಿ-ಮೆಣಸಿನಕಾಯಿ ಇರುತ್ತೆ, ಬನ್ನಿ. ಅಪ್ಪನ ಹತ್ರ ಕಿರುಚಿ ಮಾತಾಡಬೇಡಿ. ನಿಧಾನ ಆಗಿರೋದು ಮಾತು, ಕಿವಿ ಚೆನ್ನಾಗೇ ಇದೆ.