ಮಳೆಗಾಲ ಕಳೆದ ಮೇಲೆ ಹಳೆಯ ಕಾರಿಗೆ ನೇರವಾಗಿ ಸೆಲ್ಫ್ ಹೊಡೆಯಬೇಡಿ

ಮಾನ್ಯ ಸಂಪಾದಕರೇ,

ಆಯುಧಪೂಜೆ ಹತ್ತಿರವಾದಂತೆ ಮಲೆನಾಡು, ಕರಾವಳಿಗಳ ಮನೆಗಳಲ್ಲಿ ಮಳೆಗಾಲವಿಡೀ ಶೆಡ್ಡಿನಲ್ಲೇ ನಿಂತಿದ್ದ ಪೆಟ್ರೋಲ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ತೊಳೆದು, ಬೇರೊಂದು ಗಾಡಿಯ ಬ್ಯಾಟರಿಯಿಂದ ವೈರ್ ಎಳೆದು, ಸ್ಟಾರ್ಟ್ ಆಗುವವರೆಗೂ ಸೆಲ್ಫ್ ಹೊಡೆಯುವುದು ರೂಢಿಯಾಗಿದೆ. ಇದರಿಂದಾಗುವ ಹಾನಿ ಆ ದಿನವೇ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಈ ವಿಷಯವನ್ನು ತಮ್ಮ ಓದುಗರ ಗಮನಕ್ಕೆ ತರಬಯಸುತ್ತೇನೆ.

ತಿಂಗಳುಗಟ್ಟಲೆ ನಿಂತ ಎಂಜಿನ್ನಿನಲ್ಲಿ ಆಯಿಲ್ ಸಂಪ್‌ಗೆ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ) ಇಳಿದು ಸಿಲಿಂಡರಿನ ಗೋಡೆಗಳು ಒಣಗಿರುತ್ತವೆ, ಥಂಡಿಗೆ ಅಲ್ಲಲ್ಲಿ ತುಕ್ಕೂ ಹಿಡಿದಿರಬಹುದು. ಆದ್ದರಿಂದ ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ, ಕಿಡಿ ಹುಟ್ಟದಂತೆ ಇಗ್ನಿಷನ್ ಕಾಯಿಲ್‌ನ ವೈರ್ ತೆಗೆದು, ಪ್ಲಗ್ ಹಾಕದೆಯೇ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದು, ಆಯಿಲ್ ಪ್ರೆಷರ್ ದೀಪ ಆರಿದ ನಂತರವೇ ಅವೆರಡನ್ನೂ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡುವುದು ಕ್ಷೇಮ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ ಎಂದೇ ತಿಳಿದು, ಕಾರಣ ಹುಡುಕಿ ಆಯಿಲ್ ಬದಲಿಸಬೇಕು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಕಿಲುಬು ಹಿಡಿದಿದೆಯೇ, ಏರ್ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿದೆಯೇ, ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗುವುದರಿಂದ ಮುಚ್ಚಿದ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡುವುದಂತೂ ಸಲ್ಲದು.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕೆಂಬ ನಂಬಿಕೆಯೂ ಸರಿಯಲ್ಲ. ಅಷ್ಟರಲ್ಲಿ ಆಯಿಲ್ ಕಾಯುವುದಿಲ್ಲ; ಎಂಜಿನ್ನಿನೊಳಗೆ ಹುಟ್ಟಿದ ತೇವ ಆವಿಯಾಗಿ ಹೋಗದೆ ಸಂಪ್‌ನಲ್ಲೇ ಉಳಿಯುತ್ತದೆ. ಮಳೆ ಬಿಡುವು ಕೊಟ್ಟಾಗ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು, ಇಲ್ಲವೇ ಬ್ಯಾಟರಿ ಕಳಚಿ ಸುಮ್ಮನೆ ನಿಲ್ಲಿಸಬೇಕು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಈಗ ಪೆಟ್ರೋಲಿನದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ, ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಇಂದು ಸಾಮಾನ್ಯವಾಗಿದೆ. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರಿನಂಶ ಮಿತಿಮೀರಿದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಥೆನಾಲ್‌ನ ಕಲ್ಪನೆಯೇ ಇಲ್ಲದ ಕಾಲದಲ್ಲಿ ತಯಾರಾದ ರಬ್ಬರ್ ಪೈಪು, ಫ್ಯುಯೆಲ್ ಪಂಪಿನ ಡಯಾಫ್ರಮ್ (ಒಳಪೊರೆ) ಮೆತ್ತಗಾಗಿ ಸೀಳುತ್ತವೆ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯ ಅಪಾಯವೂ ಇದೆ. ಹಾಗಾಗಿ ಟ್ಯಾಂಕ್ ಮತ್ತು ಕಾರ್ಬ್ಯುರೇಟರಿನ ಹಳೆಯ ಪೆಟ್ರೋಲ್ ತೆಗೆಯದೆ, ಪೈಪುಗಳನ್ನು ಮುಟ್ಟಿ ನೋಡದೆ ಇಂಥ ಕಾರುಗಳನ್ನು ಹೊರಡಿಸಲೇಬಾರದು.

50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ಕಾರುಗಳಿಗೆ ಕೇಂದ್ರ ಸರ್ಕಾರವೇ 2021ರಲ್ಲಿ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿಗೆ ಅವಕಾಶ ನೀಡಿದೆ. ಅವು ಉಳಿಯಬೇಕೆಂಬ ಆಶಯ ಅದರಲ್ಲಿರುವುದಾದರೆ, ಪ್ರತಿ ಜಿಲ್ಲಾ ಕೇಂದ್ರದ ಒಂದು ಬಂಕ್‌ನಲ್ಲಾದರೂ ಎಥೆನಾಲ್ ಬೆರೆಸದ ಪೆಟ್ರೋಲ್ ಸಿಗುವಂತೆ ತೈಲ ಕಂಪನಿಗಳು ವ್ಯವಸ್ಥೆ ಮಾಡಬೇಕು. ಬೆಲೆ ಹೆಚ್ಚಾದರೂ ಕೊಳ್ಳಲು ನಮ್ಮಂಥವರು ಸಿದ್ಧರಿದ್ದೇವೆ.

ಇಂತಿ,
ಹಳೆಯ ಕಾರಿನ ಮಾಲೀಕ, ತೀರ್ಥಹಳ್ಳಿ