ಹಾಲು ತುಪ್ಪಕ್ಕೆ ಬಂದವರಿಗೆ, ಬಾರದವರಿಗೂ

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಎಷ್ಟು ಜನ ಬಂದಿರಿ, ಎಷ್ಟು ಜನ ಫೋನ್ ಮಾಡಿದಿರಿ, ಲೆಕ್ಕ ಇಟ್ಟಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡೋಣ ಅಂದರೆ ಅಮ್ಮ, "ಬರೆದುಬಿಡು, ಎಲ್ಲರೂ ಓದಿಕೊಳ್ಳಲಿ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ಗೌರಿಬಿದನೂರಿನವರು, ಬಾಗೇಪಲ್ಲಿಯ ಅಪ್ಪನ ಗೆಳೆಯರು, ಚಿಂತಾಮಣಿ ಕಡೆಯ ನಮ್ಮ ಅತ್ತೆಮನೆಯವರು, ಎಲ್ಲರಿಗೂ ಸೇರಿ ಇದು ಒಂದೇ ಕಾಗದ.

ಮೊದಲ ನಮಸ್ಕಾರ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ಸಿಸ್ಟರ್‌ಗಳಿಗೆ. ವಾರಕ್ಕೆ ಎರಡು ಸಲ ಅಪ್ಪನನ್ನು ಸಹಿಸಿಕೊಂಡವರು ಅವರು. ಸಹಿಸಿಕೊಂಡವರು ಅಂತ ಬೇಕಂತಲೇ ಹೇಳುತ್ತಿದ್ದೇನೆ. ಅಪ್ಪ ಕೆ.ಇ.ಬಿ.ಯಲ್ಲಿ ಇದ್ದವರು. ಯಾವ ಪೈಪು ಎಲ್ಲಿಗೆ ಹೋಗುತ್ತೆ, ಕರೆಂಟ್ ಹೋದರೆ ಮೆಷೀನ್ ಎಷ್ಟು ಹೊತ್ತು ಓಡುತ್ತೆ ಅಂತ ಕೇಳದೆ ಮಲಗಿದವರಲ್ಲ. ಗೋಡೆಯ ಮೇಲಿನ ದೇವರ ಕ್ಯಾಲೆಂಡರ್ ನೋಡಿ, "ಈ ಮೆಷೀನ್ ಕಂಡುಹಿಡಿದವನ ಫೋಟೋ ಯಾಕೆ ಹಾಕಿಲ್ಲಮ್ಮ?" ಅಂತಲೂ ಕೇಳಿದ್ದರು. "ಯಾರು ಸರ್ ಅವರು?" ಅಂತ ಸಿಸ್ಟರ್ ನಕ್ಕರು. ಮುಂದಿನ ಸಲ ಅಪ್ಪ ಚೀಟಿಯಲ್ಲಿ ಬರೆದುಕೊಂಡು ಹೋದರು: ವಿಲೆಮ್ ಕೋಲ್ಫ್, ನೆದರ್‌ಲ್ಯಾಂಡ್ಸ್, 1943. ಆ ಚೀಟಿಯನ್ನು ಸಿಸ್ಟರ್ ಕ್ಯಾಲೆಂಡರ್ ಪಕ್ಕದಲ್ಲೇ ಅಂಟಿಸಿದರು.

ದೇಹದಾನದ ವಿಷಯ ಬಹಳ ಜನ ಕೇಳಿದ್ದೀರಿ. 2010ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಕಮ್ಯುನಿಸ್ಟ್ ನಾಯಕ ಜ್ಯೋತಿ ಬಸು ತೀರಿಕೊಂಡಾಗ ಅವರ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಅಪ್ಪ ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಬೀರುವಿನಲ್ಲಿ ಇಟ್ಟುಕೊಂಡರು. ಸ್ವಲ್ಪ ದಿನಕ್ಕೇ ಫಾರಂ ತಂದರು. ಫಾರಂ ತುಂಬಿದರೆ ಮುಗಿಯಿತು ಅಂತ ಯಾರೂ ತಿಳಿಯಬೇಡಿ. ವ್ಯಕ್ತಿ ಹೋದ ಮೇಲೆ ಮನೆಯವರು ಸಹಿ ಹಾಕದಿದ್ದರೆ ಕಾಲೇಜಿನವರು ತೆಗೆದುಕೊಳ್ಳುವುದಿಲ್ಲ. ಪೋಸ್ಟ್‌ಮಾರ್ಟಂ ಆಗಿದ್ದರೂ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ನಾವು ಮೊದಲು ಫೋನ್ ಮಾಡಿದ ಕಡೆ, "ಇವತ್ತು ಭಾನುವಾರ, ಸಿಬ್ಬಂದಿ ಇಲ್ಲ, ನಾಳೆ ತನ್ನಿ" ಅಂದರು. ಸಾವಿಗೆ ರಜಾ ಇಲ್ಲ ಅಂತ ಅವರಿಗೆ ಯಾರು ಹೇಳಬೇಕು? ಇನ್ನೊಂದು ಕಾಲೇಜಿನವರು ಒಪ್ಪಿದರು. ರಾತ್ರಿಯೇ ಗಾಡಿ ತೆಗೆದ ಆಂಬುಲೆನ್ಸ್ ಡ್ರೈವರ್ ತಮ್ಮನಿಗೆ ಡೀಸೆಲ್ ದುಡ್ಡು ಬಿಟ್ಟು ಬೇರೇನೂ ಬೇಡ ಅಂದರು. ಅವರಿಗೆ ನಮಸ್ಕಾರ.

ಕಣ್ಣಿನದು ಇನ್ನೂ ಬೇಗ ಆಗಬೇಕು. ಆರು ಗಂಟೆಯೊಳಗೆ ತೆಗೆಯಬೇಕು. ಕನ್ನಡಕ ಇದ್ದರೂ, ಪೊರೆ ಆಪರೇಷನ್ ಆಗಿದ್ದರೂ, ಶುಗರ್ ಇದ್ದರೂ ಕೊಡಬಹುದು. ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಗೆ ದಿಂಬು ಕೊಡಿ ಅಂತ ಕಣ್ಣಿನ ಬ್ಯಾಂಕಿನವರು ಫೋನಿನಲ್ಲೇ ಹೇಳಿಕೊಟ್ಟರು. ಹತ್ತಿ ಇಟ್ಟವಳು ಅಮ್ಮ. ದಿನಾ ದೇವರಿಗೆ ದೀಪ ಹಚ್ಚುವ ಅಮ್ಮ ಹೇಗೆ ಒಪ್ಪಿದರು ಅಂತ ಕೇಳಿದವರಿಗೆ ಉತ್ತರ: ಅಪ್ಪು. 2021ರಲ್ಲಿ ಪುನೀತ್ ಹೋದಾಗ ಟಿವಿ ಮುಂದೆ ಕೂತು ಅತ್ತಿದ್ದಳು. ಆ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಗೊತ್ತಾದ ದಿನವೇ "ನಂದೂ ಬರೆಸು" ಅಂದಳು. ಅಪ್ಪ ವರ್ಷಗಟ್ಟಲೆ ಭಾಷಣ ಮಾಡಿ ಆಗದ ಕೆಲಸ ಅದು. ಅಪ್ಪನಿಗೆ ಒಳಗೊಳಗೇ ಸ್ವಲ್ಪ ಬೇಜಾರೂ ಆಗಿತ್ತು!

ಈಗ ನಾನು ಹೇಳಲೇಬೇಕಾದ ಮಾತು. ಕೊನೆಗಾಲದಲ್ಲಿ ಅಪ್ಪ ದೇವರ ಕಡೆ ತಿರುಗಿದರು ಅಂತ ಊರಲ್ಲಿ ಸುದ್ದಿ ಇದೆ. ಮಗಳು ಹಾಸಿಗೆ ಪಕ್ಕ ಕೂತು ಕೈವಾರ ತಾತಯ್ಯನ ಕೀರ್ತನೆ ಹಾಡಿದಳು, ಅವರು ಕಣ್ಣು ಮುಚ್ಚಿ ಕೇಳಿದರು ಅಂತ. ಹಾಡಿದ್ದು ನಿಜ. ಕೇಳಿದ್ದೂ ನಿಜ. ತಾಳ ತಪ್ಪಿದಾಗ ಮಂಚದ ಮೇಲೆ ಬೆರಳಿನಿಂದ ಕುಟ್ಟಿ ತೋರಿಸಿದರು. ಆದರೆ ಅವರು ತಿರುಗಲಿಲ್ಲ. ಹಾಡು ಮುಗಿದ ಮೇಲೆ, "ನಮ್ಮಪ್ಪ ಇದಕ್ಕಿಂತ ಚೆನ್ನಾಗಿ ಹಾಡ್ತಿದ್ದರು. ಆಗಲೂ ನಾನು ನಂಬಲಿಲ್ಲ" ಅಂದರು. ದಯವಿಟ್ಟು ಅವರನ್ನು ಭಕ್ತರನ್ನಾಗಿ ಮಾಡಬೇಡಿ. ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೂ ಬೇಡ.

ಇನ್ನೊಂದು ಕಡೆಯವರಿಗೂ ಒಂದು ಮಾತು. "ಅಂಥ ಅಪ್ಪನ ಮಗಳು, ಸೈನ್ಸ್ ಟೀಚರ್ ಬೇರೆ, ಭಜನೆಗೆ ಹೋಗ್ತಾಳಲ್ಲ" ಅಂತ ಅಪ್ಪನ ಕೆಲವು ಗೆಳೆಯರಿಗೆ ಸಂಕಟ ಇದೆ. ಕಷ್ಟ ಬಂತು, ಅದಕ್ಕೆ ದೇವರನ್ನು ಹಿಡಿದಳು ಅಂತ ಅವರ ಲೆಕ್ಕ. ನನಗೆ ಯಾವ ಕಷ್ಟವೂ ಬಂದಿರಲಿಲ್ಲ. ಮದುವೆಯಾಗಿ ಚಿಂತಾಮಣಿ ಕಡೆ ಹೋದೆ. ಅತ್ತೆ ಸಂಜೆ ಹೊತ್ತು ತಾಳ ಹಿಡಿದು ಕೂರುತ್ತಿದ್ದರು. ಸುಮ್ನೆ ಪಕ್ಕದಲ್ಲಿ ಕೂತೆ. ಬಳೆ ಮಾರುತ್ತಿದ್ದ ನಾರಾಯಣಪ್ಪ, ಅಂದರೆ ಕೈವಾರ ತಾತಯ್ಯ, ತೆಲುಗಲ್ಲೂ ಕನ್ನಡದಲ್ಲೂ ಕಟ್ಟಿದ ಹಾಡುಗಳು. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ ಅಂತ ಬೆಳೆದ ನನಗೆ ಎರಡೂ ನನ್ನವೇ. ಗುರುಪೂರ್ಣಿಮೆಗೆ ಕೈವಾರದಲ್ಲಿ ಹಗಲು ರಾತ್ರಿ ನಡೆಯುವ ಸಂಗೀತಕ್ಕೆ ಹೋದೆ. ಮೊದಲು ಹಾಡು ಬಂತು, ದೇವರು ಎಷ್ಟೋ ವರ್ಷ ಆದ ಮೇಲೆ ಬಂದ. ಅಪ್ಪನಿಗೂ ಹೀಗೇ ಹೇಳಿದ್ದೆ. "ಯಾವ ವರ್ಷ ಬಂದ, ಬರೆದಿಟ್ಟಿದ್ದೀಯಾ?" ಅಂತ ಕೇಳಿದರು.

ನಮ್ಮ ಮನೆಯಲ್ಲಿ ಯಾವ ತಲೆಮಾರೂ ಹಿಂದಿನವರು ಇದ್ದ ಕಡೆ ನಿಂತಿಲ್ಲ. ತಾತ ವಿದುರಾಶ್ವತ್ಥದ ಗೋಲಿಬಾರ್ ಕಣ್ಣಾರೆ ಕಂಡವರು. 1938ರ ಏಪ್ರಿಲ್ 25, ಆಗ ಮೀಸೆ ಚಿಗುರುತ್ತಿದ್ದ ಹುಡುಗ, ಬಾವುಟ ಹಾರಿಸುವುದನ್ನು ನೋಡಲು ಹೋಗಿದ್ದರು. ಸಾಯುವ ತನಕ ಕಾಂಗ್ರೆಸ್ಸಿಗೇ ಓಟು. ಜೋಡೆತ್ತು ಹೋಗಿ ಹಸು ಕರು ಆಯಿತು, ಹಸು ಕರು ಹೋಗಿ ಕೈ ಆಯಿತು, ತಾತ ಅಲ್ಲೇ ಇದ್ದರು. ರಾಮನವಮಿ ಬಂದರೆ ಭಜನೆಯ ಮುಂದಾಳು ಕೂಡ ಅವರೇ.

ಅಪ್ಪ ಓದಿದ್ದು ಗೌರಿಬಿದನೂರಿನ ನ್ಯಾಷನಲ್ ಕಾಲೇಜಿನಲ್ಲಿ. ನಮ್ಮದೇ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರನ್ನು ಅಲ್ಲಿ ಹತ್ತಿರದಿಂದ ಕಂಡರು. ಓದಲು ಬೆಂಗಳೂರಿಗೆ ನಡೆದೇ ಹೋದ ಬಡ ಹುಡುಗ, ಅಮೆರಿಕದಲ್ಲಿ ಪಿಎಚ್.ಡಿ. ಮಾಡಿಬಂದ ಮೇಲೂ ಖಾದಿ ಪಂಚೆ, ಟೋಪಿ, ಹಾಸ್ಟೆಲಿನ ಒಂದು ಕೋಣೆ. 1976ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪುಟ್ಟಪರ್ತಿ ಬಾಬಾ ಅವರಿಗೇ ಪತ್ರ ಬರೆದರು. ನಮ್ಮ ಕಡೆಗೆ ಪುಟ್ಟಪರ್ತಿ ದೂರವಲ್ಲ, ಬೀದಿಗೆ ನಾಲ್ಕು ಮನೆಯಲ್ಲಿ ಬಾಬಾ ಫೋಟೋ. ಆ ವರ್ಷ ಅಪ್ಪ ಜಗಳ ಆಡದ ಮನೆ ಇರಲಿಲ್ಲವಂತೆ. ಆಮೇಲೆ ಬಾಗೇಪಲ್ಲಿಗೆ ವರ್ಗ, ಅಲ್ಲಿ ಯೂನಿಯನ್ ಗೆಳೆಯರು, ಕೆಂಪು ಬಾವುಟ. 1994ರಲ್ಲೂ 2004ರಲ್ಲೂ ಅಲ್ಲಿ ಸಿಪಿಎಂನ ಶ್ರೀರಾಮರೆಡ್ಡಿ ವಿಧಾನಸಭೆಗೆ ಗೆದ್ದಾಗ ಬೀದಿಯವರಿಗೆಲ್ಲ ಮೈಸೂರುಪಾಕ್ ಹಂಚಿದ್ದರು. ಸರ್ಕಾರಿ ಕೆಲಸದವರು ಪಕ್ಷ ಸೇರುವ ಹಾಗಿಲ್ಲ. ಮೈಸೂರುಪಾಕಿಗೆ ಸೇವಾ ನಿಯಮ ಇಲ್ಲವಲ್ಲ.

ಅಪ್ಪನ ತಂಗಿ, ನಮ್ಮ ಸೋದರತ್ತೆ, ಅದೇ ಮನೆಯಲ್ಲಿ ಬೆಳೆದವರು. ಅವರ ಯಜಮಾನರ ಹೃದಯದ ಆಪರೇಷನ್ ಪುಟ್ಟಪರ್ತಿ ಆಸ್ಪತ್ರೆಯಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಆಯಿತು. ಅವತ್ತಿನಿಂದ ಅತ್ತೆ ಬಾಬಾ ಭಕ್ತೆ. ಅಪ್ಪ ಆ ಆಸ್ಪತ್ರೆಗೆ ಹೋಗಿ ಬಂದು, "ಆಸ್ಪತ್ರೆಗೆ ನಮಸ್ಕಾರ, ವಿಭೂತಿಗೆ ಅಲ್ಲ" ಅಂದರು. ಅಣ್ಣ ತಂಗಿ ಅದಕ್ಕೇ ರಾಜಿಯಾದರು. ತಮ್ಮ ಬೆಂಗಳೂರಿಗೆ ಹೋಗಿ, ವೈಟ್‌ಫೀಲ್ಡಿನಲ್ಲಿ ಕೆಲಸ ಹಿಡಿದು, ಕಮಲದ ಕಡೆ ಹೋದ. ಯುಗಾದಿಗೆ ಬಂದಾಗ ಒಬ್ಬಟ್ಟು ತಿಂದು ಮುಗಿಸುವವರೆಗೆ ರಾಜಕೀಯ ಇಲ್ಲ ಅಂತ ಅಮ್ಮನ ಕಾನೂನು. ಇಬ್ಬರೂ ಒಬ್ಬಟ್ಟು ಬೇಗ ಬೇಗ ತಿನ್ನುತ್ತಿದ್ದರು.

ವಿದುರಾಶ್ವತ್ಥಕ್ಕೆ ಎಲ್ಲರೂ ಒಟ್ಟಿಗೇ ಹೋಗುತ್ತಿದ್ದೆವು. ತಾತ ಇರುವ ತನಕ ಗುಂಡೇಟಿಗೆ ಸತ್ತವರ ಸ್ಮಾರಕದ ಮುಂದೆ ಕೈಮುಗಿದು ನಿಲ್ಲುತ್ತಿದ್ದರು. ಅಮ್ಮ ನಾಗರಕಲ್ಲಿಗೆ ಹಾಲೆರೆಯುತ್ತಿದ್ದಳು. ನನ್ನ ಹುಟ್ಟಿಗೆ ಮುಂಚೆ ಹರಕೆ ಹೊತ್ತು ಅಲ್ಲಿ ನಾಗಪ್ರತಿಷ್ಠೆ ಮಾಡಿಸಿದ್ದವಳು ಅವಳು. ಆ ಕಲ್ಲನ್ನು ಬಸ್ಸಿನಿಂದ ಇಳಿಸಿ ಹೆಗಲ ಮೇಲೆ ಹೊತ್ತು ತಂದವರು ಅಪ್ಪ. "ನಂಬಿಕೆ ಅವಳದು, ಭಾರ ನನ್ನದು" ಅನ್ನುತ್ತಿದ್ದರು. ಹಳೇ ಅಶ್ವತ್ಥ ಮರ 2001ರಲ್ಲಿ ಬಿದ್ದಾಗ ಮೂರು ದಿನ ಮಂಕಾಗಿದ್ದವರೂ ಅಪ್ಪನೇ.

ತಮ್ಮನ ಮಗಳು ಬೆಂಗಳೂರಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಳೆ. ಆ ರಾತ್ರಿಗಳಲ್ಲಿ ನಿದ್ದೆ ಬಾರದೆ ಕೂತಿದ್ದಾಗ ಎರಡು ವಿಷಯ ಹೇಳಿದಳು. ಅಮೆರಿಕದ ಬೆನ್ನಿಂಗ್ಟನ್ ಅನ್ನುವ ಕಾಲೇಜಿನಲ್ಲಿ 1930ರ ದಶಕದಲ್ಲಿ ಥಿಯೊಡೋರ್ ನ್ಯೂಕಂಬ್ ಅಂತ ಒಬ್ಬ ಮೇಷ್ಟ್ರು ಅಲ್ಲಿಯ ಹುಡುಗಿಯರ ರಾಜಕೀಯ ಹೇಗೆ ಬದಲಾಗುತ್ತೆ ಅಂತ ನೋಡಿದನಂತೆ. ಹೆಚ್ಚಿನವರು ಶ್ರೀಮಂತರ, ಸಂಪ್ರದಾಯಸ್ಥರ ಮನೆಯವರು. 1936ರ ಚುನಾವಣೆ ಹೊತ್ತಿಗೆ ಹೊಸದಾಗಿ ಸೇರಿದವರಲ್ಲಿ ಜಾಸ್ತಿ ಜನ ಮನೆಯವರ ಪಕ್ಷ, ಕೊನೇ ವರ್ಷಗಳವರಲ್ಲಿ ಜಾಸ್ತಿ ಜನ ಅದರ ಎದುರು. ಎಷ್ಟೋ ದಶಕ ಆದ ಮೇಲೆ ಮತ್ತೆ ಕೇಳಿದರೆ ಹೆಚ್ಚಿನವರು ಕಾಲೇಜಿನಲ್ಲಿ ಬದಲಾದ ಕಡೆಯೇ ಇದ್ದರು. ಅಂಥದ್ದೇ ಯೋಚನೆಯ ಗಂಡ, ಅಂಥದ್ದೇ ಗೆಳತಿಯರು ಸಿಕ್ಕಿದ್ದರು. "ತಾತನಿಗೆ ಯೂನಿಯನ್, ನಿನಗೆ ಅತ್ತೆಮನೆ" ಅಂದಳು. ಪುಸ್ತಕ ಓದಿ ಮನಸ್ಸು ಬದಲಾಯಿಸಿದೆ ಅಂತ ಅಪ್ಪ ಹೇಳುತ್ತಿದ್ದರು. ಪುಸ್ತಕ ಓದಿದವರು ಬಹಳ ಜನ. ಆ ಗೆಳೆಯರು ಸಿಗದಿದ್ದರೆ ಅಪ್ಪ ಅಲ್ಲೇ ಉಳಿಯುತ್ತಿದ್ದರೋ ಇಲ್ಲವೋ ಅಂತ ನನಗೂ ಅನುಮಾನ.

ಎರಡನೆಯದು ಪ್ಯೂ ಅನ್ನುವ ಅಮೆರಿಕದ ಸಮೀಕ್ಷಾ ಸಂಸ್ಥೆಯವರ 2021ರ ವರದಿ. ನಮ್ಮ ದೇಶದಲ್ಲಿ ಸುಮಾರು 30,000 ಜನರನ್ನು ಕೇಳಿದ್ದಾರೆ. ಹುಟ್ಟಿದ ಧರ್ಮದಿಂದ ಹೊರಗೆ ಹೋದವರು ತೀರಾ ಕಡಿಮೆ. ಹಿಂದೂಗಳಾಗಿ ಬೆಳೆದು ಈಗ ಹಾಗೆ ಹೇಳಿಕೊಳ್ಳದವರು 0.7 ಶೇಕಡಾ ಅಷ್ಟೇ. ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಏನೂ ಆಗೇ ಇಲ್ಲ! ತಾತ, ಅಪ್ಪ, ಅಮ್ಮ, ಅತ್ತೆ, ತಮ್ಮ, ನಾನು, ಎಲ್ಲರ ಫಾರಂನಲ್ಲೂ ಧರ್ಮದ ಕಾಲಂ ಒಂದೇ. ಕಾಲಂ ಒಳಗೆ ನಡೆದಿದ್ದನ್ನು ಯಾರೂ ಬಂದು ಕೇಳುವುದಿಲ್ಲ. ಅಪ್ಪನನ್ನು ಭಕ್ತರನ್ನಾಗಿ ಮಾಡಬೇಡಿ ಅಂದಿದ್ದು ಅದಕ್ಕೇ. ಫಾರಂ ಹೇಗೂ ಅವರನ್ನು ಅಳಿಸಿದೆ, ನಾವೂ ಯಾಕೆ ಅಳಿಸಬೇಕು?

ತಮ್ಮನಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಿದರೆ ಬೈಯುತ್ತಾನೆ. ಆದರೂ ಹೇಳುತ್ತೇನೆ. ಮೊದಲ ಸಹಿ ಅವನದು. "ನಂಗಿದು ಇಷ್ಟ ಇಲ್ಲ. ಕೊಳ್ಳಿ ಇಡೋಕೆ ಮಗ ಇದ್ದೂ ಹೀಗೆ ಅಂತ ಜನ ಅಂತಾರೆ. ಆದರೆ ಮೈ ಅವರದು" ಅಂದು ಪೆನ್ನು ತೆಗೆದುಕೊಂಡ. ಅಪ್ಪನ ಜೊತೆ ಕಂಬ ಹತ್ತುತ್ತಿದ್ದ ಸಾಬಣ್ಣನವರಿಗೆ ನಮಸ್ಕಾರ. ಐದು ಹೊತ್ತು ನಮಾಜ್ ಬಿಡದವರು, ಅಪ್ಪನ ಜೊತೆ ದೇವರಿದ್ದಾನೆ ಇಲ್ಲ ಅನ್ನುವ ಜಗಳವನ್ನೂ ಬಿಡದವರು. ಕೊನೆಯ ದಿನಗಳಲ್ಲಿ ಕಾಲು ಒತ್ತುತ್ತಾ ಕೂಡ ವಾದ ಮಾಡಿದರು. ಸೋಲುವುದಕ್ಕೆ ಇಬ್ಬರಿಗೂ ಮನಸ್ಸಿರಲಿಲ್ಲ.

ಆಮೇಲೆ ಸೋದರತ್ತೆ. ಮೂರನೇ ದಿನ ಹಾಲು ತುಪ್ಪ ಬಿಡಬೇಕು ಅಂತ ಪಟ್ಟು ಹಿಡಿದರು. ಎಲ್ಲಿಗೆ ಬಿಡುವುದು? ಗುಂಡಿ ಇಲ್ಲ, ಬೂದಿ ಇಲ್ಲ. ಅಪ್ಪನ ಗೆಳೆಯರು, "ಅವರಿಗೆ ಬೇಡದ್ದು ನಮಗೂ ಬೇಡ" ಅಂದರು. ನಾನು ನಡುವೆ ಸಿಕ್ಕಿದೆ. ಅತ್ತೆಯೇ ದಾರಿ ಹುಡುಕಿದರು. "ಅಣ್ಣನ ಹೆಸರಲ್ಲಿ ಮಾಡಲ್ಲ, ಅವನು ಎದ್ದು ಬಂದು ಬೈತಾನೆ. ನಮ್ಮಪ್ಪನ ಸಮಾಧಿಗೆ ಬಿಡ್ತೀನಿ. ಅದಕ್ಕೆ ಯಾರ ಅಪ್ಪಣೆ ಬೇಕು?" ಅಂದರು. ಹೊಲದಲ್ಲಿ ತಾತನ ಸಮಾಧಿಗೆ ಹಾಲು ತುಪ್ಪ ಬಿಟ್ಟೆವು. ಯೂನಿಯನ್ ಗೆಳೆಯರು ಬದುವಿನ ಮೇಲೆ ನಿಂತಿದ್ದರು. ಕೈಮುಗಿಯಲಿಲ್ಲ, ಊಟಕ್ಕೆ ಮಾತ್ರ ಎಲ್ಲರೂ ಕೂತರು. ಕೆಲವು ನೆಂಟರು ಇದು ಶಾಸ್ತ್ರ ಅಲ್ಲ ಅಂತ ಬರಲಿಲ್ಲ. ಬಾರದೆಯೂ ಜಗಳ ಮಾಡಲಿಲ್ಲ, ಅಮ್ಮನಿಗೆ ಫೋನ್ ಮಾಡಿ ಊಟ ಮಾಡಿದ್ರಾ ಅಂತ ಕೇಳಿದರು. ನಿಮಗೂ ನಮಸ್ಕಾರ.

ಕೊನೆಗೆ ಒಂದೆರಡು ಕೆಲಸದ ಮಾತು. ಅಪ್ಪನ ಪುಸ್ತಕಗಳನ್ನು ಊರಿನ ಗ್ರಂಥಾಲಯಕ್ಕೆ ಕೊಡುತ್ತಿದ್ದೇವೆ. ಸಾಲ ತೆಗೆದುಕೊಂಡು ಹೋದವರು ನೇರ ಅಲ್ಲಿಗೇ ಕೊಡಬಹುದು. ಅವತ್ತು ಅಡುಗೆಗೆ ತಂದ ಪಾತ್ರೆಗಳಲ್ಲಿ ಒಂದು ದೊಡ್ಡ ಹಿತ್ತಾಳೆ ಕೊಳಗ, ಎರಡು ಸೌಟು, ಒಂದು ಮುದ್ದೆ ಕೋಲು ನಮ್ಮಲ್ಲೇ ಉಳಿದಿವೆ. ಯಾರವು ಅಂತ ಗೊತ್ತಾಗಿಲ್ಲ. ಅಮ್ಮ ಸಂಜೆ ಐದರ ಮೇಲೆ ಮನೆಯಲ್ಲೇ ಇರುತ್ತಾಳೆ, ಬಂದು ತೆಗೆದುಕೊಂಡು ಹೋಗಿ.