ಒಂಟೆಗೊಂದು ದಾರಿ, ಜೀಪಿಗೊಂದು ದಾರಿ: ಪ್ರಯಾಣ ಕ್ರಮದಲ್ಲಿ ಬದಲಾವಣೆ

ಆತ್ಮೀಯ ಗ್ರಾಹಕರೇ,

ಮುಂದಿನ ಚಳಿಗಾಲದಿಂದ ನಮ್ಮ ಮರಳುಗಾಡು ಪ್ರಯಾಣಗಳಲ್ಲಿ ಜೀಪು ಒಂಟೆಗಳ ಹಿಂದೆಯೇ ಬರುವುದಿಲ್ಲ. ನೀವು ಒಂಟೆಗಳೊಂದಿಗೆ ದಿಬ್ಬಗಳ ನಡುವೆ ಸಾಗುತ್ತೀರಿ. ಎರಡು ಜೀಪುಗಳು ಗಟ್ಟಿನೆಲದ ಸುತ್ತುದಾರಿ ಹಿಡಿದು ಸಂಜೆಯ ಬಿಡಾರದಲ್ಲಿ ಕಾದಿರುತ್ತವೆ.

ಹೊರೆ ಹೊತ್ತ ಒಂಟೆ ಗಂಟೆಗೆ ನಾಲ್ಕೈದು ಕಿ.ಮೀ. ನಡೆಯುತ್ತದೆ. ಸಡಿಲ ಮರಳಿನಲ್ಲಿ ಜೀಪೂ ಅಷ್ಟೇ ನಿಧಾನಕ್ಕೆ ತೆವಳಿದರೆ ರೇಡಿಯೇಟರಿಗೆ ಗಾಳಿ ಸಾಲದೆ ಎಂಜಿನ್ ಬಿಸಿಯಾಗುತ್ತದೆ. ಪದೇ ಪದೇ ನಿಂತು ಹೊರಡುವಾಗ ಚಕ್ರ ಹೂತುಕೊಳ್ಳುತ್ತದೆ. ಹೂತ ಜೀಪನ್ನು ಎಳೆಯಲು ಇನ್ನೊಂದು ಬೇಕು, ಅದಕ್ಕೇ ಎರಡು. (ಒಂಟೆ ಕಟ್ಟಿ ಎಳೆಸಬಾರದೇ ಎಂದು ಕೇಳುವವರಿದ್ದಾರೆ. ಬೇಡ, ಅದರ ಕಾಲಿಗೆ ಪೆಟ್ಟಾದೀತು.) ಸುತ್ತುದಾರಿಯಲ್ಲೂ ಮರಳಿನ ಪಟ್ಟಿಗಳು ಸಿಗುತ್ತವೆ. ಅಲ್ಲಿ ಚಕ್ರ ಹೂತುಕೊಳ್ಳದಿರಲೆಂದು ಟೈರಿನ ಗಾಳಿಯ ಒತ್ತಡವನ್ನು 35 ಪಿಎಸ್‌ಐನಿಂದ 18ರ ಆಸುಪಾಸಿಗೆ ಇಳಿಸಿ, ಗಟ್ಟಿನೆಲ ಬಂದೊಡನೆ ಕಂಪ್ರೆಸರಿನಿಂದ ಮತ್ತೆ ತುಂಬುತ್ತೇವೆ. ತುಂಬದೆ ವೇಗವಾಗಿ ಓಡಿಸಿದರೆ ಟೈರಿನ ಪಕ್ಕೆ ಕಾದು ಸೀಳುತ್ತದೆ.

ನಿಮಗೆ ಮುಖ್ಯವಾಗಿ ಬದಲಾಗುವುದು ಸಾಮಾನಿನ ವಿಷಯ. ದೊಡ್ಡ ಚೀಲ ಜೀಪಿನಲ್ಲಿ ಹೋಗುತ್ತದೆ, ಸಂಜೆಯವರೆಗೆ ಕೈಗೆ ಸಿಗದು. ಒಂಟೆಯ ಮೇಲೆ ತಲಾ 8 ಕೆ.ಜಿ. ಮಾತ್ರ, ಅದೂ ಮೆತ್ತನೆಯ ಎರಡು ಚೀಲಗಳಲ್ಲಿ ಸರಿಸಮವಾಗಿ ಹಂಚಿ. ಒಂದು ಬದಿ ಭಾರವಾದರೆ ಜೀನು ಓರೆಯಾಗಿ ಡುಬ್ಬದ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಆ ಒಂಟೆ ಮಾಯುವ ತನಕ ಹೊರೆ ಹೊರದು. ಗಟ್ಟಿ ಸೂಟ್‌ಕೇಸಿನ ಅಂಚು ಪಕ್ಕೆಗೆ ಬಡಿಯುವುದರಿಂದ ಅದನ್ನು ಏರಿಸುವುದೇ ಇಲ್ಲ. ಔಷಧಿ, ಟೋಪಿ, ರಾತ್ರಿಯ ಬೆಚ್ಚನೆ ಬಟ್ಟೆ, ಟಾರ್ಚ್ ಒಂಟೆಯ ಚೀಲದಲ್ಲೇ ಇರಲಿ.

ಬೆಚ್ಚನೆ ಬಟ್ಟೆ ಅಲ್ಲೇ ಏಕೆಂದರೆ ಜೀಪು ಬಾರದ ಸಂಜೆಯೂ ಇರಬಹುದು. ಅಂಥ ದಿನಕ್ಕೆಂದು ಒಂಟೆಗಳ ಮೇಲೆ ಹಗಲಿನ ನೀರಲ್ಲದೆ ತಲಾ 6 ಲೀಟರ್ ಹೆಚ್ಚುವರಿ ನೀರು, ಒಂದು ಹೊತ್ತಿನ ಊಟ, ಕಂಬಳಿ ಇರುತ್ತವೆ. ನೀವು ಬಿಡಾರದ ಜಾಗದಲ್ಲೇ ತಂಗುತ್ತೀರಿ, ಜೀಪನ್ನು ಹುಡುಕಿ ಯಾರೂ ಹೊರಡುವುದಿಲ್ಲ. ಎರಡೂ ತಂಡಗಳಲ್ಲಿ ಉಪಗ್ರಹ ಫೋನ್ ಇರುತ್ತದೆ, ಮಾತು ಗೊತ್ತುಪಡಿಸಿದ ಹೊತ್ತಿಗಷ್ಟೇ, ಬ್ಯಾಟರಿ ಉಳಿಯಲೆಂದು.

ಸೂರ್ಯೋದಯಕ್ಕೆ ಮೊದಲೇ ಹೊರಡುತ್ತೇವೆ, ನಡುಮಧ್ಯಾಹ್ನ ವಿಶ್ರಾಂತಿ. ಬುಕಿಂಗ್ ಮಾಡುವಾಗ ನಿಮ್ಮ ತೂಕ ತಿಳಿಸಿ. ಸವಾರ, ಜೀನು, ಚೀಲ, ನೀರು ಸೇರಿ 150 ಕೆ.ಜಿ. ಮೀರಿದರೆ ನೀರಿನ ಡಬ್ಬಿಗಳನ್ನು ಬೇರೆ ಒಂಟೆಗೆ ಹೊರಿಸಬೇಕಾಗುತ್ತದೆ.

ಇಂತಿ,
ಪ್ರಯಾಣ ವಿಭಾಗ